ಚೊಂಬಿನೊಳಗಿನ ಕರೆ

ಅವರ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ಕಾರಣ ಅವರದೇ ಒಂದು ನಿಯಮ. ನೀರುಪಾಲಾದವರನ್ನು ಹುಡುಕಿ ದಡಕ್ಕೆ ತರುವ ಕೆಲಸವನ್ನು ಅವರು ಹತ್ತು ವರ್ಷಗಳಿಗೂ ಮಿಕ್ಕಿ ಮಾಡಿದರು. ಮುಳುಗಿದವರು ಯಾರು, ಯಾರ ಮಗ, ಏನು ಹೆಸರು ಎಂಬುದನ್ನು ದೇಹ ಮೇಲೆ ಬರುವ ತನಕ ಯಾರೂ ತಮ್ಮ ಕಿವಿಗೆ ಹಾಕಕೂಡದು ಎಂದು ದಡದಲ್ಲಿ ನಿಂತವರಿಗೆ ಮೊದಲೇ ತಾಕೀತು ಮಾಡುತ್ತಿದ್ದರು. ಒಮ್ಮೆ ನಾನು ಯಾಕೆಂದು ಕೇಳಿದ್ದೆ. ಅವರು ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಕೊಡವುತ್ತ ಹೇಳಿದ್ದರು:

"ನೀರ್ನಾಗೆ ಎಲ್ರೂ ಅಗುರ ಕಣಿ ಮೇಷ್ಟ್ರೇ. ಎಸ್ರು ಗೊತ್ತಾಗ್ಬುಟ್ರೆ ಭಾರ ಆಯ್ತದೆ."

ಈ ವರ್ಷ ನಾಲೆಗೆ ನೀರು ನಿಲ್ಲಿಸಿದ ವಾರದಲ್ಲಿ ಅವರು ತೀರಿಕೊಂಡರು. ನೀರಿನಲ್ಲಲ್ಲ, ತಮ್ಮ ಮನೆಯ ಪಡಸಾಲೆಯ ಮಂಚದ ಮೇಲೆ, ಬೆಳಗಿನ ಹಾಲು ಡೈರಿಗೆ ಹಾಕಿ ಬಂದ ಮೇಲೆ. ಅಂದಿನಿಂದ ಅವರ ಒಂದು ಸ್ಟೀಲಿನ ಚೊಂಬು ನನ್ನ ಮೇಜಿನ ಮೇಲಿದೆ. ಅದು ಹೇಗೆ ಬಂತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕಿಂತ ಮೊದಲು, ನಾನು ಅವರಿಂದ ಏನನ್ನು ಕಿತ್ತುಕೊಂಡೆ ಎಂಬುದನ್ನು ಹೇಳಬೇಕು.

ಪಾಂಡವಪುರದಿಂದ ನಾಲೆಯ ಏರಿ ಹಿಡಿದು ಒಂದಷ್ಟು ದೂರ ನಡೆದರೆ ಸಿಗುವ ಊರು ಅವರದು. ಅಲ್ಲಿ ಭತ್ತದ ಗದ್ದೆ ಸ್ವಲ್ಪ, ಕಬ್ಬು ಸ್ವಲ್ಪ, ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು. ನೋಡಿದವರು ಯಾರೂ ಅವರನ್ನು ಮುಳುಗುಗಾರನೆಂದು ನಂಬುತ್ತಿರಲಿಲ್ಲ. ಸಣ್ಣ ದೇಹ, ಕೊಂಚ ಬಾಗಿದ ಬೆನ್ನು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ. ನೀರಿನ ಒತ್ತಡಕ್ಕೆ ಬಲಗಿವಿ ಪೂರ್ತಿ ಹೋಗಿತ್ತು. ಆದ್ದರಿಂದ ಯಾರಾದರೂ ಮಾತನಾಡಿಸಿದರೆ ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿ ಎಡಗಿವಿಯನ್ನು ಮುಂದೊಡ್ಡುತ್ತಿದ್ದರು. ಅಪರಿಚಿತರಿಗೆ ಅದು ಮುಖ ತಿರುಗಿಸಿಕೊಂಡಂತೆ ಕಾಣುತ್ತಿತ್ತು. ವಾಸ್ತವವಾಗಿ ಅವರು ಆಗಲೇ ಅತ್ಯಂತ ಗಮನವಿಟ್ಟು ಕೇಳುತ್ತಿದ್ದರು.

ಶ್ರೀರಂಗಪಟ್ಟಣದ ಹೊಳೆ, ಕೆ.ಆರ್.ಎಸ್. ಹಿನ್ನೀರು, ತೊಣ್ಣೂರಿನ ಕೆರೆ, ಕೆ.ಆರ್. ಪೇಟೆಯಿಂದ ನಾಗಮಂಗಲದ ಕಡೆಗೆ ಹೋಗುವ ಹೇಮಾವತಿಯ ನಾಲೆ, ಹೀಗೆ ಎಲ್ಲಿ ಅವಘಡವಾದರೂ ಒಂದು ಬೈಕು ಅವರ ಮನೆಯ ಮುಂದೆ ಬಂದು ನಿಲ್ಲುತ್ತಿತ್ತು. ದೋಣಿ, ಸಲಕರಣೆಗಳು ದೂರದಿಂದ ಬರಬೇಕು. ಅವರಾದರೋ ಒಂದು ಹಗ್ಗ, ಒಂದು ಹರಳೆಣ್ಣೆಯ ಶೀಶೆ, ಒಂದು ಚೊಂಬು ಹಿಡಿದು ಹಾಗೇ ಹಿಂದಿನ ಸೀಟು ಹತ್ತುತ್ತಿದ್ದರು. ಅರ್ಧ ಕರೆದ ಹಸುವಿನ ಬಳಿಯಿಂದ ಎದ್ದು ಹೋದದ್ದೂ ಉಂಟು. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಈ ವಿಷಯದಲ್ಲಿ ಗಂಡನಿಗಿಂತ ಆ ಚೊಂಬಿನ ಮೇಲೆಯೇ ಹೆಚ್ಚು ಸಿಟ್ಟಾಗುತ್ತಿದ್ದರು.

ಚೊಂಬು ಏಕೆಂದರೆ, ಅದರೊಳಗೆ ಹಾಡು ಇರುತ್ತಿತ್ತು.

ಮೈಗೆ ಎಣ್ಣೆ ತೀಡಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ದಡದಲ್ಲಿ ಗಟ್ಟಿಮುಟ್ಟಾದ ಯಾರಿಗಾದರೂ ಕೊಟ್ಟ ಮೇಲೆ, ಅವರು ತಮ್ಮ ಹಳೆಯ ಬಟನ್ ಫೋನಿನಲ್ಲಿ ಒಂದು ಹಾಡನ್ನು ಹಚ್ಚಿ ಆ ಚೊಂಬಿನೊಳಗೆ ಇಳಿಬಿಡುತ್ತಿದ್ದರು. ಚೊಂಬಿನ ಹೊಟ್ಟೆಯಲ್ಲಿ ಸದ್ದು ನಾಲ್ಕು ಪಟ್ಟಾಗಿ ಮೇಲೇಳುತ್ತಿತ್ತು. ಅದು ರಾಕ್ ಸಂಗೀತದ ಒಂದು ಹಾಡು. ಮೊದಲು ಒಂದೇ ಒಂದು ಗಿಟಾರು, ಕಬ್ಬಿಣದ ಗೇಟನ್ನು ನಿಧಾನವಾಗಿ ತೆರೆದಂತೆ. ಆಮೇಲೆ ಎದೆಗೆ ಗುದ್ದುವ ಡ್ರಮ್ಮು. ಕೊನೆಗೆ ಅತ್ತು ಅತ್ತು ಒಡೆದುಹೋದಂಥ ಒಂದು ಗಂಟಲು. ಹಾಡಿನಲ್ಲಿ ಒಂದು ಸಾಲು ನಾಲ್ಕು ಸಲ ಮರಳಿ ಬರುತ್ತದೆ. ನೀರೊಳಗೆ ಅವರಿಗೆ ಏನೂ ಕೇಳಿಸುವಂತಿರಲಿಲ್ಲ. ಆದರೂ ಉಸಿರು ತೆಗೆದುಕೊಳ್ಳಲು ಅವರು ತಲೆ ಎತ್ತುವುದೂ ಚೊಂಬಿನಿಂದ ಆ ಸಾಲು ಏಳುವುದೂ ಒಂದೇ ಕ್ಷಣವಾಗಿರುತ್ತಿತ್ತು. ಹಾಡು ಅವರ ಉಸಿರಿನ ಅಳತೆಯಾಗಿ ಹೋಗಿತ್ತು.

ನಾನು ಅವರನ್ನು ಮೊದಲು ಕಂಡದ್ದು ಶ್ರೀರಂಗಪಟ್ಟಣದ ಹೊಳೆಯ ದಡದಲ್ಲಿ, ನನ್ನ ವಿದ್ಯಾರ್ಥಿಯೊಬ್ಬ ಸುಳಿಗೆ ಸಿಕ್ಕ ಮಧ್ಯಾಹ್ನ. ನಾನು ರಾಜ್ಯಶಾಸ್ತ್ರ ಕಲಿಸುವವನು. ಮೈಸೂರಿನ ಹಾಸ್ಟೆಲಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳ ಬೆನ್ನು ಹತ್ತಿ ಊರೂರು ಅಲೆದವನು. ಚೊಂಬಿನಿಂದ ಆ ಗಿಟಾರು ಎದ್ದಾಗ ನಾನು ಬೆಚ್ಚಿದೆ. ನಮ್ಮ ಹಾಸ್ಟೆಲಿನ ಮೂರನೆಯ ಮಹಡಿಯಲ್ಲಿ ಒಂದು ವರ್ಷವಿಡೀ ಕೇಳಿದ ಹಾಡು ಅದು. ಅದರ ಪ್ರತಿ ಮಾತೂ ನನಗೆ ಬಾಯಿಪಾಠ. ಪಂಚೆಯುಟ್ಟ ಈ ಮನುಷ್ಯನಿಗೂ ಆ ಹಾಡಿಗೂ ಎಲ್ಲಿಯ ನಂಟು ಎಂದು ತಿಳಿಯದೆ ನಿಂತೆ. ಮೂರನೆಯ ಸಲ ಆ ಸಾಲು ಬಂದಾಗ ಅವರು ನನ್ನ ವಿದ್ಯಾರ್ಥಿಯ ಜೀವವಿಲ್ಲದ ತೋಳು ಹಿಡಿದು ಮೇಲೆ ಬಂದರು. ಹುಡುಗನ ತಂದೆ ಮರಳಿನ ಮೇಲೆ ಕುಸಿದರು. ಇವರು ಚೊಂಬಿನೊಳಗಿಂದ ಫೋನು ತೆಗೆದು ಹಾಡು ನಿಲ್ಲಿಸಿ, ಆ ತಂದೆಯ ಪಕ್ಕದಲ್ಲಿ ತಾವೂ ಕುಳಿತರು. ಇಬ್ಬರ ಭುಜಗಳೂ ತಾಗಿಕೊಂಡಿದ್ದವು.

ಹೊರಡುವಾಗ ನಾನೇ ಅವರನ್ನು ಊರಿಗೆ ಬಿಡುತ್ತೇನೆಂದು ಕಾರು ಹತ್ತಿಸಿಕೊಂಡೆ. ದಾರಿಯಲ್ಲಿ, ಇಂಗ್ಲಿಷ್ ಹಾಡುಗಳನ್ನು ಕೇಳುವ ಅಭ್ಯಾಸ ಹೇಗಾಯಿತು ಎಂದು ವಿಚಾರಿಸಿದೆ. ಅವರು ಎಡಗಿವಿ ಒಡ್ಡಿ ಎರಡನೆಯ ಸಲ ಕೇಳಿಸಿಕೊಂಡು ನಕ್ಕರು.

"ಯಾವ ಇಂಗ್ಲೀಸು? ಸುರುವ್ನಾಗೆ ಒಸಿ ಅದೇನೋ ಅಂತಾನೆ, ನಿಜ. ಆಮ್ಯಾಕೆ ಕನ್ನಡದಾಗೇ ಕರೀತಾನಲ್ಲ ಮೇಷ್ಟ್ರೇ. ಬಾರೋ ಮನೆಗೇ, ಬಾರೋ ಮನೆಗೇ ಅಂತ."

ಆ ಸಾಲಿನ ನಿಜವಾದ ಮಾತು 'ಬಾರೋ ಮೆನಿ ಎ ಡೇ' ಎಂದು. ಸಿಗುವಂತಿದ್ದರೆ ಎಷ್ಟೋ ದಿನಗಳನ್ನು ನಾನು ಎರವಲು ತರುತ್ತಿದ್ದೆ ಎಂದು ಅರ್ಥ. ಗಾಯಕನ ಗಂಟಲು ಒಡೆದದ್ದು, ಕೊನೆಯ ಅಕ್ಷರವನ್ನು ಅವನು ಎಳೆದದ್ದು, ಇವರ ಒಂದೇ ಕಿವಿ, ಎಲ್ಲ ಸೇರಿ ಅದು ನಮ್ಮ ಕಡೆಯ ಕರೆಯಾಗಿ ಮಾರ್ಪಟ್ಟಿತ್ತು. ತಿದ್ದಬೇಕೆಂದು ನಾಲಗೆಯ ತುದಿಗೆ ಬಂತು. ಆದರೆ ಹಿಂದಿನ ಸೀಟಿನಲ್ಲಿ ನನ್ನ ವಿದ್ಯಾರ್ಥಿಯ ಒದ್ದೆಯಾದ ಪುಸ್ತಕದ ಚೀಲವಿತ್ತು. ತಿದ್ದದೆ ಗೇರು ಬದಲಿಸಿದೆ.

ಅವರಿಗೆ ಆ ಹಾಡು ಸಿಕ್ಕ ಬಗೆಯನ್ನು ಮುಂದೊಂದು ದಿನ ಅವರ ಕೊಟ್ಟಿಗೆಯ ಜಗಲಿಯ ಮೇಲೆ ಕುಳಿತು ಕೇಳಿದೆ. ಆಗ ಅವರು ಮುಳುಗುಗಾರರಾಗಿರಲಿಲ್ಲ. ಈಜು ಬಲ್ಲ ಒಬ್ಬ ರೈತ, ಅಷ್ಟೆ. ತೊಣ್ಣೂರಿನ ನೆಂಟರ ಮನೆಗೆ ಹೋಗಿದ್ದಾಗ, ಕೆರೆಗೆ ಈಜಲು ಬಂದಿದ್ದ ಮೈಸೂರಿನ ಹುಡುಗರಲ್ಲಿ ಒಬ್ಬ ಮುಳುಗಿದ. ಕೂಗು ಕೇಳಿ ಇವರು ಧುಮುಕಿದರು. ಎರಡು ಸಲ ಬರಿಗೈಯಲ್ಲಿ ಮೇಲೆ ಬಂದರು. ಕಿವಿಯೊಳಗೆ ಏನೋ ಹರಿದಂತಾಗಿ ರಕ್ತ ಬಂತು. ಇನ್ನು ಆಗದೆಂದು ದಡದ ಕಡೆಗೆ ಈಜತೊಡಗಿದರು. ಆ ಹುಡುಗರ ಕಾರಿನ ಬಾಗಿಲುಗಳೆಲ್ಲ ತೆರೆದಿದ್ದವು. ಗಾಬರಿಯಲ್ಲಿ ಯಾರೂ ನಿಲ್ಲಿಸದೆ, ಅದರೊಳಗೆ ಹಾಡು ತನ್ನ ಪಾಡಿಗೆ ತಾನು ಮತ್ತೆ ಮತ್ತೆ ಸುತ್ತುತ್ತಿತ್ತು.

"ನನ್ನೇ ಕರೀತಾವ್ರೆ ಅಂದ್ಕಂಡೆ. ಸಾಕು ಬಾರೋ, ಮನೆಗೋಗು ಅಂತ. ಆಮ್ಯಾಕೆ ಒಳೀತು, ನನ್ನಲ್ಲ, ಒಳಗಿರೋನ್ನ ಕರೀತಾವ್ನೆ. ಇಷ್ಟು ಬಾಯ್ಬುಟ್ಟು ಕರೀತಿರುವಾಗ ನಾನು ಬುಟ್ಬುಟ್ಟು ಎದ್ದೋದ್ರೆ ಎಂಗೆ? ಇನ್ನೊಂದು ದಪ ಓದೆ. ಕೈ ಕೊಟ್ಟ."

ಕೈ ಕೊಟ್ಟ ಎಂಬ ಮಾತನ್ನು ಅವರು ಸರಿಯಾಗಿಯೇ ಬಳಸಿದರು. ಆಗಲೇ ಉಸಿರು ನಿಂತಿದ್ದವನ ಕೈ ತಾನಾಗಿ ಬಂದು ಅವರ ಅಂಗೈಗೆ ಸೇರಿತ್ತಂತೆ. ಆ ಹುಡುಗರಲ್ಲಿ ಒಬ್ಬ ತಿಂಗಳ ಮೇಲೆ ಧನ್ಯವಾದ ಹೇಳಲು ಬಂದಾಗ, ಇವರು ಬೇರೇನೂ ಕೇಳದೆ ಆ ಪದವನ್ನು ತಮ್ಮ ಫೋನಿಗೆ ಹಾಕಿಕೊಡು ಎಂದರು. ಪದವೆಂದರೆ ನಮ್ಮ ಕಡೆ ಹಾಡು. ಅಂದಿನಿಂದ ಅವರು ಬೇರೆ ಹಾಡನ್ನು ಕೇಳಲಿಲ್ಲ. ಹಾಲು ಕರೆಯುವಾಗ, ಗದ್ದೆಗೆ ನೀರು ತಿರುಗಿಸುವಾಗ, ಡೈರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಾಗ ಅದೇ. ಊರಿನವರು ಗೇಲಿ ಮಾಡುತ್ತಿದ್ದರು. "ಯಾಕ್ಲಾ, ಅವ್ನು ಅಂಗೆ ಬಡ್ಕೊತಾವ್ನೆ, ಒಸಿ ನೀರಾರ ಕೊಡ್ಲಾ" ಎಂದು ಡೈರಿಯಲ್ಲಿ ಯಾರೋ ಅಂದದ್ದನ್ನು ನಾನೇ ಕೇಳಿದ್ದೇನೆ. ಅಕ್ಕನ ದೂರು ಬೇರೆ ಬಗೆಯದು. ಆ ಗಲಾಟೆಗೆ ಹಸುಗಳು ಹಾಲು ಎತ್ತಿಕೊಳ್ಳುತ್ತವೆ, ಕೆಚ್ಚಲಿನಲ್ಲಿದ್ದರೂ ಇಳಿಸುವುದಿಲ್ಲ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದು ಸಂದೇಹವನ್ನು ಮಾತ್ರ ನಾನು ಅಂದು ಮುಂದಿಟ್ಟೆ. ನಮ್ಮ ಸೀಮೆಯಲ್ಲಿ ಬಾರ್ಲಾ ಎನ್ನುತ್ತಾರಲ್ಲ, ಅವನೇಕೆ ಬಾರೋ ಎನ್ನುತ್ತಾನೆ? ಅವರಿಗೆ ಉತ್ತರ ಸಿದ್ಧವಾಗಿತ್ತು. ಗಂಡಸರು ಬಾರ್ಲಾ ಎನ್ನುತ್ತಾರೆ. ತಾವು ಚಿಕ್ಕಂದಿನಲ್ಲಿ ಮುನಿಸಿಕೊಂಡು ಆಲೆಮನೆಯ ಹಿಂದೆ ಹೋಗಿ ಕೂತರೆ, ಸಂಜೆಯ ಹೊತ್ತಿಗೆ ತಾಯಿ ನಾಲೆಯ ಏರಿಯ ಮೇಲೆ ನಿಂತು ಕರೆಯುತ್ತಿದ್ದುದು ಬಾರೋ ಎಂದೇ, ಕೊನೆಯಲ್ಲಿ ಹೀಗೆಯೇ ಎಳೆದು. ಆಮೇಲೆ ಅವರು ಸೇರಿಸಿದ ಮಾತು ನನಗೆ ಇಂದಿಗೂ ಕೇಳಿಸುತ್ತದೆ:

"ಇದ್ರಾಗೆ ಎಸ್ರಿಲ್ಲ ನೋಡಿ. ಯಾರ್ಗಾದ್ರೂ ಆಯ್ತದೆ. ಆ ತಳದಾಗೆ ಎಂಗಿರ್ತದೆ ಅಂತ ನಿಮ್ಗೆ ಏಳಾಕಾಗಾಕಿಲ್ಲ. ಮ್ಯಾಲೆ ಈ ಪದ ಐತೆ ಅಂತಾನೇ ನಾನು ಇಳಿಯೋದು. ಇದಿಲ್ದಿದ್ರೆ ನನ್ ಕೈಲಿ ಆಗಾಕಿಲ್ಲ."

ಇಷ್ಟನ್ನೂ ತಿಳಿದಿದ್ದೂ ನಾನು ಮಾಡಿದ್ದನ್ನು ಈಗ ಹೇಳಬೇಕಾಗಿದೆ.

ಆ ವರ್ಷಗಳಲ್ಲಿ ನಾನು ಮತ್ತು ನನ್ನ ಕೆಲವು ವಿದ್ಯಾರ್ಥಿಗಳು ಊರೂರಿಗೆ ಹೋಗಿ, ನಾಲೆಯ ಅಪಾಯದ ಜಾಗಗಳಿಗೆ ತಡೆಗೋಡೆ ಬೇಕು, ಮಕ್ಕಳಿಗೆ ಈಜು ಕಲಿಸಬೇಕು ಎಂದು ಪ್ರಚಾರ ಮಾಡುತ್ತಿದ್ದೆವು. ನಮಗೆ ಎದುರಾಗುತ್ತಿದ್ದ ದೊಡ್ಡ ಅಡ್ಡಿ ನಂಬಿಕೆಯದು. ಈ ಮಡು ವರ್ಷಕ್ಕೆ ಒಬ್ಬರನ್ನು ಕೇಳುತ್ತದೆ, ಅದಕ್ಕೆ ಗೋಡೆ ಕಟ್ಟಿ ಏನು ಪ್ರಯೋಜನ ಎಂದು ಜನ ಸಮಾಧಾನ ಮಾಡಿಕೊಂಡುಬಿಡುತ್ತಿದ್ದರು. ಮಡು ಏನನ್ನೂ ಕೇಳುವುದಿಲ್ಲ, ಕೇಳುತ್ತದೆಂದು ನಾವು ತಪ್ಪಾಗಿ ಕೇಳಿಸಿಕೊಳ್ಳುತ್ತೇವೆ ಎಂಬುದು ನನ್ನ ವಾದ. ಆ ವಾದದಲ್ಲಿ ನನಗೆ ಇಂದಿಗೂ ತಪ್ಪು ಕಾಣುವುದಿಲ್ಲ.

ಕೆ.ಆರ್. ಪೇಟೆಯಲ್ಲಿ ನಾವು ಏರ್ಪಡಿಸಿದ ಸಭೆಗೆ ಅವರನ್ನು ಕರೆದು ಶಾಲು ಹೊದಿಸಿದೆವು. ಭಾಷಣದ ಬದಲು ಅವರು ಮೈಕಿನ ಮುಂದೆ ಚೊಂಬನ್ನಿಟ್ಟು ಹಾಡನ್ನು ಹಚ್ಚಿದರು. ಆ ಸಾಲು ಬಂದಾಗಲೆಲ್ಲ ಅವರು ಅಂಗೈಯನ್ನು ಸ್ವಲ್ಪ ಮೇಲೆತ್ತಿ ಜನರಿಗೆ ತೋರಿಸಿಕೊಟ್ಟರು, ಇಗೋ, ಇಲ್ಲೇ ಕರೆಯುವುದು ಎಂಬಂತೆ. ಮುಂದಿನ ಸಾಲಿನಲ್ಲಿ ಕೆಲವು ಹೆಂಗಸರು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಇಂಥ ಹಾಡನ್ನು ಪ್ರತಿ ಊರಿನ ಮಡುವಿನ ಹತ್ತಿರವೂ ಹಾಕಿಸಬೇಕು, ಸತ್ತವರಿಗೆ ದಾರಿ ತಿಳಿಯುತ್ತದೆ ಎಂದು ಯಾರೋ ಎದ್ದು ಹೇಳಿದರು. ಸಭೆ ಚಪ್ಪಾಳೆ ತಟ್ಟಿತು.

ನನ್ನ ಕಣ್ಣೆದುರಿಗೇ ಇನ್ನೊಂದು ಮೂಢನಂಬಿಕೆ ಹುಟ್ಟುತ್ತಿದೆ ಎಂದು ನನಗನ್ನಿಸಿತು. ಸಮಾರೋಪದ ಮಾತು ನನ್ನದಾಗಿತ್ತು. ಎದುರಾಳಿಯ ಅತ್ಯಂತ ಬಲವಾದ ಉದಾಹರಣೆಯನ್ನೇ ಎತ್ತಿಕೊಂಡು ಅದನ್ನು ತಿರುಗಿಸುವುದು ಚರ್ಚೆಯಲ್ಲಿ ನನಗೆ ಕೈಗೂಡಿದ ವಿದ್ಯೆ. ಹಾಡಿನ ಆ ಸಾಲನ್ನು ನಾನು ಬಿಡಿಬಿಡಿಯಾಗಿ ಉಚ್ಚರಿಸಿದೆ. ಅದು ಇಂಗ್ಲಿಷೆಂದೂ, ಅಲ್ಲಿ ಮನೆಯೂ ಇಲ್ಲ, ಕರೆಯುವವರೂ ಇಲ್ಲವೆಂದೂ, ನಮ್ಮ ದುಃಖವೇ ಅದಕ್ಕೆ ಕನ್ನಡದ ಬಟ್ಟೆ ತೊಡಿಸಿದೆಯೆಂದೂ ವಿವರಿಸಿದೆ. ಮಡು ಬಲಿ ಕೇಳುತ್ತದೆಂದು ನಾವು ನಂಬುವುದೂ ಹೀಗೆಯೇ ಎಂದು ಮುಗಿಸಿದೆ. ಇಂಗ್ಲಿಷ್ ಸಾಲನ್ನೂ ಕನ್ನಡದ ಸಾಲನ್ನೂ ಒಂದರ ಹಿಂದೊಂದು ಹೇಳಿದಾಗ ಸಭೆಯಲ್ಲಿ ನಗು ಎದ್ದಿತು. ವಾದ ಗೆದ್ದಿತ್ತು. ಅವರೂ ನಕ್ಕರು. ಶಾಲನ್ನು ಎರಡು ಸಲ ಸರಿಮಾಡಿಕೊಂಡರು.

ಹಿಂತಿರುಗುವಾಗ ಕಾರು ಶೀಳನೆರೆ ಊರನ್ನು ದಾಟಿತು. ಆಮೇಲೆ ಅವರು ಎಡಗಿವಿಯನ್ನು ನನ್ನ ಕಡೆಗೆ ಒಡ್ಡಲು ಸೀಟಿನಲ್ಲಿ ಪೂರ್ತಿ ತಿರುಗಿ ಕುಳಿತು ಕೇಳಿದರು:

"ಅಂಗಾರೆ ಅವ್ನು ಏನಂತಾನೆ?"

"ಸಿಗುವಂತಿದ್ದರೆ ಎಷ್ಟೋ ದಿನಗಳನ್ನು ಎರವಲು ತರುತ್ತಿದ್ದೆ ಅಂತಾನೆ ಅಣ್ಣ."

"ಯಾರ್ ತಾವ?"

"ಅದನ್ನು ಹಾಡು ಹೇಳುವುದಿಲ್ಲ."

"ಯಾಕಂತೆ?"

"ಸತ್ತವರ ಜೊತೆ ಇನ್ನಷ್ಟು ದಿನ ಇರಬಹುದಿತ್ತಲ್ಲ, ಅದಕ್ಕೆ."

ಅವರು ಮತ್ತೆ ರಸ್ತೆಯ ಕಡೆಗೆ ತಿರುಗಿ ಕುಳಿತರು. "ದಿನಾನ ಯಾರು ಕೊಡ್ತಾರೆ" ಎಂದರು. ಅದು ನನ್ನನ್ನು ಕೇಳಿದ ಪ್ರಶ್ನೆಯಾಗಿರಲಿಲ್ಲ. ಇಳಿಯುವಾಗ ಚೊಂಬನ್ನು ಕಾರಿನಲ್ಲೇ ಮರೆತರು. ನಾನು ಕೂಗಿ ಕೊಟ್ಟೆ.

ಇದಾದ ಮೇಲೆ ಡೈರಿಯ ಸಾಲಿನಲ್ಲಿ ಹಾಡು ಕೇಳಿಸಲಿಲ್ಲ. ಹಸುಗಳು ಈಗ ಸರಿಯಾಗಿ ಹಾಲು ಇಳಿಸುತ್ತಿವೆ ಎಂದು ಅಕ್ಕ ಹೇಳಿದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಯಾವ ಸಂತೋಷವೂ ಇರಲಿಲ್ಲ.

ಆ ಮಳೆಗಾಲ ಕಳೆಯುತ್ತಿದ್ದ ಹಾಗೆ ಹೇಮಾವತಿಯ ನಾಲೆಗೆ ಒಬ್ಬ ಯುವಕ ಬಿದ್ದ. ಕೆ.ಆರ್. ಪೇಟೆ ದಾಟಿ ನಾಗಮಂಗಲದ ದಿಕ್ಕಿಗೆ ಹೋಗುವಾಗ ಸಿಗುವ ಒಂದು ಸೇತುವೆಯ ಬಳಿ. ಟ್ರಾಕ್ಟರು ತೊಳೆಯಲು ಇಳಿದವನು ಪಾಚಿಯ ಮೇಲೆ ಜಾರಿದ್ದ. ಮೊದಲ ದಿನವೆಲ್ಲ ಹುಡುಕಿ ಸಿಗಲಿಲ್ಲ. ಎರಡನೆಯ ದಿನ ರಜೆಯಿದ್ದುದರಿಂದ ನಾನೇ ಅವರನ್ನು ಕರೆದೊಯ್ದೆ. ಹಗ್ಗವಿತ್ತು, ಎಣ್ಣೆಯಿತ್ತು, ಚೊಂಬೂ ಇತ್ತು. ಆದರೆ ಚೊಂಬಿನೊಳಗೆ ಎಣ್ಣೆಯ ಶೀಶೆಯನ್ನು ಇಟ್ಟಿದ್ದರು. ಹಾಡಿಲ್ಲದೆ ಮುಳುಗಿದರು. ಉಸಿರಿನ ಲೆಕ್ಕ ತಪ್ಪುತ್ತಿತ್ತು. ಒಮ್ಮೆ ಬೇಗ ಬಂದರು, ಒಮ್ಮೆ ಹಗ್ಗ ಹಿಡಿದವನು ಹೆದರಿ ಎಳೆಯುವಷ್ಟು ತಡಮಾಡಿದರು. ಪ್ರತಿ ಸಲ ಮೇಲೆ ಬಂದಾಗಲೂ ಅವರು ತಲೆಯನ್ನು ಬಲಕ್ಕೆ ತಿರುಗಿಸುತ್ತಿದ್ದರು, ಎಡಗಿವಿ ದಡದ ಕಡೆಗೆ. ದಡದಲ್ಲಿ ಏನೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸತ್ತವನ ತಾಯಿ ಎದ್ದು ಬಂದರು. ಹಿಂದಿನ ದಿನದಿಂದ ಅವರು ಸೇತುವೆಯ ಕಟ್ಟೆಗೆ ಒರಗಿ ಕುಳಿತೇ ಇದ್ದರು. ಅಳು ಮುಗಿದು ಗಂಟಲು ಕಟ್ಟಿ, ಪಿಸುಮಾತಷ್ಟೇ ಉಳಿದಿತ್ತು.

"ಅಣ್ಣ, ಚೊಂಬ್ನಾಗೆ ಪದ ಮಡಗಿ ಕರೀತೀರಂತಲ್ಲ. ನನ್ ಮಗುಂಗೂ ಮಡಗಿ."

"ಅದು ಕರೆಯೋ ಪದ ಅಲ್ವಂತೆ ಕಣವ್ವ."

"ಯಾರಂದೋರು?"

ಅವರು ನನ್ನ ಕಡೆ ನೋಡಲಿಲ್ಲ. "ಓದ್ದೋರು ಅಂದವ್ರೆ" ಎಂದರು.

ನಾನು ಅವರನ್ನು ಪಕ್ಕಕ್ಕೆ ಕರೆದೆ. ಹಾಡನ್ನು ಹಾಕಿ, ನನ್ನ ಮಾತನ್ನು ಮರೆತುಬಿಡಿ ಎಂದು ಬೇಡಿಕೊಂಡೆ. ನಾನು ತಪ್ಪಾಗಿ ಹೇಳಿರಲೂಬಹುದು ಎಂದೆ. ನನ್ನ ಬದುಕಿನಲ್ಲಿ ನಾನು ಅರಿತೇ ಆಡಿದ ಕೆಲವೇ ಸುಳ್ಳುಗಳಲ್ಲಿ ಅದೊಂದು. ಅವರು ಅದನ್ನು ಒಪ್ಪಲಿಲ್ಲ. ಮೈಯಿಂದ ನೀರು ಇಳಿಯುತ್ತಿತ್ತು, ತುಟಿಗಳು ನೀಲಿಗಟ್ಟಿದ್ದವು.

"ನೀವು ಸುಳ್ಳಾಡೋರಲ್ಲ ಮೇಷ್ಟ್ರೇ. ಸುಳ್ಳಾಡೋರಾಗಿದ್ರೆ ನಾನ್ಯಾಕೆ ನಂಬ್ತಿದ್ದೆ? ಈಗ ಆಕುದ್ರೆ ನಂಗೆ ಅವ್ನು ದಿನ ಕೇಳ್ದಂಗೇ ಕೇಳ್ತದೆ. ಈಯಮ್ಮನ ಎದುರ್ಗೆ ಅದ ಎಂಗೆ ಕೇಳ್ಸಲಿ?"

ಅವರೇ ಮುಂದುವರಿದು, ಮೃದುವಾಗಿ, ಯಾವ ವ್ಯಂಗ್ಯವೂ ಇಲ್ಲದೆ ಹೇಳಿದರು:

"ನೀವು ಕರೀರಿ. ಆಯಮ್ಮಂಗೆ ಗಂಟ್ಲು ಓಗ್ಬುಟ್ಟದೆ. ನಿಮ್ದು ಒಳ್ಳೆ ಗಂಟ್ಲು. ಒಂದ್ ದಪ ಬಾರೋ ಮನೆಗೇ ಅನ್ನಿ, ಸಾಕು. ಒಳಿಕೆ ಓಯ್ತೀನಿ."

ಸೇತುವೆಯ ಮೇಲೆ ನೂರಾರು ಜನರಿದ್ದರು. ಅವರಲ್ಲಿ ನನ್ನ ವಿದ್ಯಾರ್ಥಿಗಳಿದ್ದರು, ಕೆ.ಆರ್. ಪೇಟೆಯ ಸಭೆಯಲ್ಲಿ ನನ್ನ ಮಾತಿಗೆ ನಕ್ಕವರಿದ್ದರು. ಸತ್ತವನಿಗೆ ಕೇಳಿಸುವುದಿಲ್ಲ. ಕೇಳಿಸದವನನ್ನು ಕರೆಯುವುದು ನಾನು ಬಾಯಲ್ಲಿ ಸಾರಿದ್ದನ್ನು ನಾನೇ ಅಲ್ಲಗಳೆದಂತೆ. ಎರಡು ನಿಮಿಷ ಮೊದಲು ಹೇಳಿದರೂ ಯಾವ ವಿಷಯದ ಮೇಲೂ ಮಾತನಾಡಬಲ್ಲ ನನಗೆ, ಮೂರು ವರ್ಷದ ಮಗುವೂ ಆಡಬಲ್ಲ ಎರಡು ಮಾತು ಹೊರಡಲಿಲ್ಲ. ಬಾಯಿ ತೆರೆದದ್ದು ನೆನಪಿದೆ. ಅವರು ಎಡಗಿವಿಯನ್ನು ನನ್ನ ಕಡೆಗೆ ಹಿಡಿದು ಕಾದರು. ಆ ಹಾಡಿನ ಅರ್ಧದಷ್ಟಾದರೂ ಹೊತ್ತು ಕಾದಿರಬೇಕು. ಆಮೇಲೆ ತಲೆಯಾಡಿಸಿ, ಹಗ್ಗವನ್ನು ಇನ್ನೊಂದು ಸುತ್ತು ಬಿಗಿದುಕೊಂಡು, ಯಾವ ಕರೆಯೂ ಇಲ್ಲದ ನೀರಿಗೆ ಇಳಿದರು.

ಸಂಜೆಗೆ ಮುನ್ನ ಆ ಯುವಕನನ್ನು ತಂದರು. ಸೇತುವೆಯ ಕಂಬದ ಬುಡದಲ್ಲಿ ಬಳ್ಳಿಗಳ ನಡುವೆ ಸಿಕ್ಕಿದ್ದನಂತೆ. ಹುಡುಕಿದ್ದು ಅವರ ಕೈಗಳ ಅನುಭವ, ಹಾಡಲ್ಲ. ಹಾಗೆ ನೋಡಿದರೆ ನನ್ನ ವಾದ ಅಲ್ಲಿಯೂ ಗೆದ್ದಿತು. ದೇಹ ತಂದವರಿಗೆ ಮನೆಯವರು ಒಂದು ಹೊಸ ಟವೆಲು ಕೊಡುವುದು ರೂಢಿ. ಅವರು ಇನ್ನೇನನ್ನೂ ಮುಟ್ಟುತ್ತಿರಲಿಲ್ಲ. ಅಂದು ಆ ತಾಯಿ ಟವೆಲು ಹಿಡಿದು ಬಂದಾಗ ಅದನ್ನೂ ತೆಗೆದುಕೊಳ್ಳಲಿಲ್ಲ. "ನಿನ್ ಮಗ ಯಾರೂ ಕರೀದೆ ತಾನಾಗೇ ಬಂದವ್ನೆ ಕಣವ್ವ, ಒಳ್ಳೆ ಮಗ. ನಂದೇನಿಲ್ಲ" ಎಂದರು. ಹಗ್ಗವನ್ನು ಬಿಚ್ಚಿ, ಅದರ ತುದಿ ಹಿಡಿದಿದ್ದ ಆಳಿಗೇ ಕೊಟ್ಟುಬಿಟ್ಟರು.

ಮತ್ತೆ ಅವರು ನೀರಿಗೆ ಇಳಿಯಲಿಲ್ಲ.

ಅವರಿಗೆ ಆಗಲೇ ಅರವತ್ತು ಸಮೀಪಿಸಿತ್ತು, ಎದೆ ಸರಿಯಿಲ್ಲವೆಂದು ವೈದ್ಯರು ಎಂದೋ ಹೇಳಿದ್ದರು, ಹೇಗಿದ್ದರೂ ಒಂದು ದಿನ ನಿಲ್ಲಿಸಲೇಬೇಕಿತ್ತು. ಈ ಎಲ್ಲ ಕಾರಣಗಳೂ ಸತ್ಯ. ಅವುಗಳನ್ನು ಒಪ್ಪವಾಗಿ ಜೋಡಿಸಿ ನಾನು ನಿರ್ದೋಷಿಯೆಂದು ಸಾಧಿಸಬಲ್ಲೆ. ಅಷ್ಟೇ ಸಮರ್ಥವಾಗಿ ಎದುರು ಪಕ್ಷವನ್ನೂ ವಾದಿಸಬಲ್ಲೆ. ತೀರ್ಪು ಕೊಡುವವರು ಮಾತ್ರ ಯಾರೂ ಬರುವುದಿಲ್ಲ. ಅವರು ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಪಾಂಡವಪುರಕ್ಕೆ ಬಂದಾಗಲೆಲ್ಲ ಒಂದು ಡಬ್ಬಿ ಮೊಸರು ತಂದುಕೊಟ್ಟು, ನನ್ನ ಮಗಳ ಓದನ್ನು ವಿಚಾರಿಸಿ ಹೋಗುತ್ತಿದ್ದರು. ಆ ಹಾಡಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಒಮ್ಮೆ ನಾಗಮಂಗಲಕ್ಕೆ ಇಬ್ಬರೂ ಬಸ್ಸಿನಲ್ಲಿ ಹೋಗುವಾಗ, ಹಿಂದಿನ ಸೀಟಿನ ಹುಡುಗನೊಬ್ಬನ ಫೋನಿನಿಂದ ಆ ಗಿಟಾರು ಎದ್ದಿತು. ನಾನು ಅವರ ಕಡೆ ತಿರುಗಿದೆ. ಅವರು ಎಡಗಿವಿಯ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದು ಕಿಟಕಿಯಾಚೆ ನೋಡುತ್ತಿದ್ದರು. ಇದ್ದ ಒಂದೇ ಕಿವಿಯನ್ನೂ ಮುಚ್ಚಿಕೊಂಡು, ಮುಂದಿನ ಸ್ಟಾಪು ಬರುವ ತನಕ ಹಾಗೆಯೇ ಕುಳಿತಿದ್ದರು.

ಅವರ ಮಣ್ಣಿಗೆ ಹೋದಾಗ ನಾಲೆ ಬತ್ತಿತ್ತು. ತಳದ ಕೆಸರಿನಲ್ಲಿ ಒಂದು ಒಡೆದ ಬಿಂದಿಗೆ, ಒಂದು ಒಂಟಿ ಚಪ್ಪಲಿ, ಯಾವುದೋ ಬೈಕಿನ ಕನ್ನಡಿ ಕಾಣುತ್ತಿದ್ದವು. ಅವರದೇ ಗದ್ದೆಯ ಬದುವಿನಲ್ಲಿ ಕುಣಿ ತೋಡಿದ್ದರು. ಎಲ್ಲ ಮುಗಿದು ಜನ ಕೈಕಾಲು ತೊಳೆಯಲು ಹೋದ ಮೇಲೆ ಅಕ್ಕ ನನ್ನ ಬಳಿಗೆ ಬಂದರು. ಕೈಯಲ್ಲಿ ಆ ಚೊಂಬಿತ್ತು, ಅದರೊಳಗೆ ಫೋನಿತ್ತು.

"ದಿನಾ ಚಾರ್ಜಿಗೆ ಆಕೋರು, ಪದ ಮಾತ್ರ ಆಕ್ತಿರಲಿಲ್ಲ. ನಂಗಿದು ಬರಾಕಿಲ್ಲ. ಒಂದ್ ದಪ ಆಕಿ ಮೇಷ್ಟ್ರೇ."

ಹಾಕಿದೆ. ಹೊಸ ಮಣ್ಣಿನ ತಲೆಯ ಭಾಗದಲ್ಲಿ ಚೊಂಬನ್ನಿಟ್ಟೆ. ಗಿಟಾರು, ಡ್ರಮ್ಮು, ಆಮೇಲೆ ಆ ಒಡೆದ ಗಂಟಲು. ಬತ್ತಿದ ನಾಲೆಯ ಕಲ್ಲುಕಟ್ಟೆಗೆ ತಾಗಿ ಸದ್ದು ಮರಳಿ ಬರುತ್ತಿತ್ತು. ಮೂರನೆಯ ಸಲ ಆ ಸಾಲು ಕೇಳಿಸಿದಾಗ ಅಕ್ಕ ಕೇಳಿದರು:

"ಏನಂತಾನೆ ಅವ್ನು?"

ಅವರ ಮುಖವನ್ನು ನೋಡಿದೆ. ಇಂಗ್ಲಿಷಿನ ಸಾಲು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಅದರ ಪ್ರತಿ ಅಕ್ಷರವೂ ಕೇಳಿಸಿತ್ತು.

"ಬಾರೋ ಮನೆಗೇ ಅಂತಾನೆ ಅಕ್ಕ."

ಅಕ್ಕ ತಲೆಯಾಡಿಸಿದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಿಡಿದುಕೊಳ್ಳಲು ಒಂದು ಹಗ್ಗದ ತುದಿ ಸಿಕ್ಕಿದಂತಾಗುತ್ತಿತ್ತು.

"ನಂಗೂ ಮೊದ್ಲಿಂದ ಅಂಗೇ ಕೇಳ್ತದೆ. ಅವ್ರು ನಿಮ್ ಮಾತ ನಂಬುದ್ರು, ನಾನ್ ನಂಬ್ನಿಲ್ಲ. ಇಷ್ಟನ್ನ ಏಳಾಕೆ ನಿಮ್ಗೆ ಇಷ್ಟು ದಿನ ಬೇಕಾಯ್ತಾ?"

ಚೊಂಬನ್ನೂ ಫೋನನ್ನೂ ಅವರು ವಾಪಸು ತೆಗೆದುಕೊಳ್ಳಲಿಲ್ಲ. ಮನೆಯಲ್ಲಿದ್ದರೆ ಹಸುಗಳು ಹಾಲು ಎತ್ತಿಕೊಳ್ಳುತ್ತವೆ ಎಂದರು.

ನಾಲೆಗೆ ಮತ್ತೆ ನೀರು ಬಂದಿದೆ. ಕಾಲೇಜು ಮುಗಿದ ಮೇಲೆ ಕೆಲವು ಮಧ್ಯಾಹ್ನ ನಾನು ಆ ಗದ್ದೆಯ ಬದುವಿಗೆ ಹೋಗಿ ಚೊಂಬನ್ನಿಟ್ಟು ಹಾಡನ್ನು ಹಚ್ಚುತ್ತೇನೆ. ಮೊದಲ ಮೂರು ಸಲ ಸಾಲು ಇಂಗ್ಲಿಷಿನಲ್ಲಿಯೇ ಬರುತ್ತದೆ. ಎಷ್ಟು ಪ್ರಯತ್ನಪಟ್ಟರೂ ನನ್ನ ಎರಡು ಕಿವಿಗಳಿಗೆ ಅದು ಬೇರೆಯಾಗಿ ಕೇಳಿಸುವುದಿಲ್ಲ. ನಾಲ್ಕನೆಯ ಸಲ ಅದು ಬರುವ ಮೊದಲೇ ನಾನು ಎದ್ದು ನಿಂತು, ನೀರಿನ ಕಡೆ ಮುಖ ಮಾಡಿ, ಗಂಟಲು ತೆರೆದು ಕರೆಯುತ್ತೇನೆ, ಕೊನೆಯ ಅಕ್ಷರವನ್ನು ಎಳೆದು.

ಹೆಸರು ಸೇರಿಸುವುದಿಲ್ಲ. ಭಾರವಾಗುತ್ತದೆ.